ಅಟ್ಟದಿಂದ ಇಳಿದ 486 ಮತ್ತು ಓಎಸ್/2 ವಾರ್ಪ್: ಒಂದು ಮಳೆಗಾಲದ ದುರಸ್ತಿ ದಾಖಲೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆಯಿಂದ ಒಳಗೆ ತೋಟದ ಅಂಚಿನಲ್ಲಿರುವ ನಮ್ಮ ಚಿಕ್ಕಪ್ಪನ ಮನೆಯ ಅಟ್ಟದ ಮೇಲೆ ಒಂದು ಕಂಪ್ಯೂಟರ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗೋಣಿಚೀಲ ಹೊದ್ದು ಕುಳಿತಿತ್ತು. 1995ರಲ್ಲಿ, ಅವರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಕೊಂಡ ಯಂತ್ರ ಅದು. ಊರಿಗೆ ಮರಳಿ ತೋಟ ನೋಡಿಕೊಳ್ಳತೊಡಗಿದ ಮೇಲೆ ಕೆಲವು ವರ್ಷ ಅಡಿಕೆಯ ಲೆಕ್ಕವನ್ನೂ ಅದರಲ್ಲೇ ಇಟ್ಟಿದ್ದರು. ಕಳೆದ ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುವವರು ಬಂದಾಗ ಅಟ್ಟವನ್ನು ಖಾಲಿ ಮಾಡಬೇಕಾಯಿತು. "ಗುಜರಿಗೆ ಹಾಕೋಕೆ ಮುಂಚೆ ನೀನೊಂದ್ಸಲ ನೋಡು ಮಾರಾಯ, ನನ್ನ ಲೆಕ್ಕ ಎಲ್ಲ ಅದರೊಳಗೇ ಇದೆ" ಎಂದು ಚಿಕ್ಕಪ್ಪ ಅದನ್ನು ನನ್ನ ಕಾರಿನ ಹಿಂಬದಿಗೆ ಇಡಿಸಿದರು. ಅದರ ಜೊತೆ ಬಂದ ರಟ್ಟಿನ ಪೆಟ್ಟಿಗೆಯನ್ನು ತೆರೆದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಒಳಗೆ ಇದ್ದದ್ದು ಐಬಿಎಂನ ಓಎಸ್/2 ವಾರ್ಪ್ 3 ಎಂಬ ಆಪರೇಟಿಂಗ್ ಸಿಸ್ಟಮ್, ಅದರಲ್ಲೂ ನೀಲಿ ಬೆನ್ನಿನ ಪೆಟ್ಟಿಗೆ. ಕೆಂಪು ಬೆನ್ನಿನ ಪೆಟ್ಟಿಗೆಯಾಗಿದ್ದರೆ ವಿಂಡೋಸ್ ತಂತ್ರಾಂಶಗಳನ್ನು ನಡೆಸಲು ವಿಂಡೋಸ್ 3.1 ಬೇರೆಯಾಗಿ ಬೇಕಾಗುತ್ತಿತ್ತು. ನೀಲಿಯಲ್ಲಿ ಆ ಭಾಗವೂ ಸೇರಿಯೇ ಬರುತ್ತಿತ್ತು.

ಶಿವಮೊಗ್ಗದಲ್ಲಿ ನಾವು ನಾಲ್ವರು ಗೆಳೆಯರು ತಿಂಗಳಿಗೊಮ್ಮೆ ದುರ್ಗಿಗುಡಿಯ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಜಗತ್ತು ಮರೆತ ಆಪರೇಟಿಂಗ್ ಸಿಸ್ಟಮ್‌ಗಳೇ ನಮ್ಮ ಮಾತಿನ ವಸ್ತು. ಒಬ್ಬ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಹೈಕು ಇದೆ. ಇನ್ನೊಬ್ಬ ಪ್ಲಾನ್ 9 ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಮನೆಯ ಯಜಮಾನರು, ನಮಗೆಲ್ಲ ಹಿರಿಯರು, ಝಡ್80 ಚಿಪ್ಪಿನ ಸುತ್ತ ತಾವೇ ಕಟ್ಟಿದ ಯಂತ್ರದಲ್ಲಿ ಸಿಪಿ/ಎಂ ಓಡಿಸುತ್ತಾರೆ. ಅಲ್ಲಿ ಒಬ್ಬರನ್ನೊಬ್ಬರು ಛೇಡಿಸದೆ ಒಂದು ಲೋಟ ಕಾಫಿಯೂ ಮುಗಿಯುವುದಿಲ್ಲ. ಹೈಕು ಯೋಜನೆ ಆರಂಭವಾದದ್ದು 2001ರಲ್ಲಿ, ಅದರ ಐದನೆಯ ಬೀಟಾ ಆವೃತ್ತಿ ಬಂದದ್ದು 2024ರಲ್ಲಿ. "ಆವತ್ತು ಅಡಿಕೆ ಸಸಿ ನೆಟ್ಟಿದ್ರೆ ಇಷ್ಟೊತ್ತಿಗೆ ಹದಿನೈದು ಫಸಲು ಕೊಯ್ದಾಗಿರ್ತಿತ್ತಲ್ಲೋ" ಎಂಬುದು ಆ ಗೆಳೆಯ ಪ್ರತಿ ಸಲವೂ ಕೇಳಬೇಕಾದ ಮಾತು. ಸಿಪಿ/ಎಂನಲ್ಲಿ ಕಡತ ನಕಲಿಸುವ ಪಿಪ್ ಆಜ್ಞೆಯಲ್ಲಿ, ಕಡತ ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲು ಬರೆದು, ಎಲ್ಲಿಂದ ಬರಬೇಕೆಂಬುದನ್ನು ಆಮೇಲೆ ಬರೆಯಬೇಕು. ಅದನ್ನು ನಾವು ಛೇಡಿಸಿದರೆ ಹಿರಿಯರು "ಬಸ್ಸಿನಲ್ಲಿ ಕಂಡಕ್ಟರ್ ಬಂದ್ರೆ ನೀವೆಲ್ಲ ಮೊದಲು ಹೇಳೋದು ಇಳಿಯೋ ಊರಲ್ವೇನ್ರೋ?" ಎಂದು ಉತ್ತರ ಕೊಡುತ್ತಾರೆ. ನಾನು ವಾರ್ಪ್‌ನ ಸುದ್ದಿ ತಂದ ದಿನ ಪ್ಲಾನ್ 9ರ ಗೆಳೆಯ ಕಾದಿದ್ದವನಂತೆ ಹೇಳಿದ: "ಹೆಸರಲ್ಲೇ ಬರೆದಿದ್ದಾರಲ್ಲ ಮಾರಾಯ, ಓಎಸ್ ಭಾಗಿಸು ಎರಡು. ಅದು ಅರ್ಧ ಓಎಸ್. ಉಳಿದರ್ಧ ಮೈಕ್ರೋಸಾಫ್ಟಿನವರು ತಗೊಂಡು ಹೋದ್ರು."

ನಗೆಯಾಡಲು ಹೇಳಿದ ಮಾತಾದರೂ ಅದರಲ್ಲಿ ಚರಿತ್ರೆ ಸರಿಯಾಗಿಯೇ ಇದೆ. 1985ರಲ್ಲಿ ಐಬಿಎಂ ಮತ್ತು ಮೈಕ್ರೋಸಾಫ್ಟ್ ಒಪ್ಪಂದ ಮಾಡಿಕೊಂಡು ಜೊತೆಯಾಗಿ ಕಟ್ಟಲು ಹೊರಟ ವ್ಯವಸ್ಥೆ ಇದು. ಮೊದಲ ಆವೃತ್ತಿ 1987ರ ಡಿಸೆಂಬರಿನಲ್ಲಿ ಹೊರಬಂತು. 1990ರ ಹೊತ್ತಿಗೆ ಇಬ್ಬರ ದಾರಿ ಬೇರೆಯಾಯಿತು. ಮೈಕ್ರೋಸಾಫ್ಟಿನಲ್ಲಿ ಓಎಸ್/2ರ ಮುಂದಿನ ತಲೆಮಾರು ಎಂದು ಆರಂಭವಾಗಿದ್ದ ಕೆಲಸವೇ ಮುಂದೆ ವಿಂಡೋಸ್ ಎನ್‌ಟಿ ಆಯಿತು. ಐಬಿಎಂ ಒಂಟಿಯಾಗಿ 1992ರಲ್ಲಿ 32 ಬಿಟ್‌ನ 2.0 ಆವೃತ್ತಿಯನ್ನೂ, 1994ರ ಅಕ್ಟೋಬರಿನಲ್ಲಿ ವಾರ್ಪ್ 3 ಅನ್ನೂ ತಂದಿತು. ವಿಂಡೋಸ್ 95 ಬಂದದ್ದು ಅದಾದ ಹತ್ತು ತಿಂಗಳ ಮೇಲೆ, 1995ರ ಆಗಸ್ಟ್ 24ರಂದು. ಆ ಹತ್ತು ತಿಂಗಳಲ್ಲಿ ಸಾಮಾನ್ಯರ ಮನೆಯ ಪಿಸಿಯ ಮೇಲೆ ನಾಲ್ಕಾರು ಕೆಲಸಗಳನ್ನು ನಿಜವಾಗಿ ಏಕಕಾಲಕ್ಕೆ ನಡೆಸಬಲ್ಲ ವ್ಯವಸ್ಥೆ ಬೇಕೆಂದವರಿಗೆ ವಾರ್ಪ್ ಬಹಳ ಒಳ್ಳೆಯ ಆಯ್ಕೆಯಾಗಿತ್ತು, ನಮ್ಮ ಚಿಕ್ಕಪ್ಪ ತಿಳಿದೇ ಅದನ್ನು ಆರಿಸಿದ್ದರು ಎಂಬುದು ನನ್ನ ದೃಢವಾದ ಅಭಿಪ್ರಾಯ. ಲ್ಯಾಪ್‌ಟಾಪಿನ ಎಮ್ಯುಲೇಟರಿನಲ್ಲಿ ಅದನ್ನು ನಾನು ಹಿಂದೆ ನೋಡಿದ್ದೆ. ಆದರೆ 66 ಮೆಗಾಹರ್ಟ್ಸ್ ಪ್ರೊಸೆಸರ್, 8 ಎಂಬಿ ಮೆಮೊರಿ ಎಂಬ ಇಕ್ಕಟ್ಟಿಗಾಗಿಯೇ ಹೊಲಿದ ಬಟ್ಟೆಯನ್ನು ಆ ಇಕ್ಕಟ್ಟಿನಲ್ಲೇ ತೊಡಿಸಿ ನೋಡಬೇಕು ಎಂದು ನನಗೆ ಮೊದಲಿನಿಂದಲೂ ಇತ್ತು.

ಜೂನ್ ಮೊದಲ ವಾರ, ಮಳೆ ಹಿಡಿದುಕೊಂಡ ದಿನಗಳಲ್ಲಿ, ವಿನೋಬನಗರದ ನನ್ನ ಮನೆಯಲ್ಲಿ ಯಂತ್ರವನ್ನು ಬಿಚ್ಚಿದೆ. ಆಗುಂಬೆಯ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂಥ ಕಡೆ ಅಟ್ಟದ ಮೇಲೆ ಉಳಿದ ವಸ್ತುವಿಗೆ ಬೂಷ್ಟು ಹಿಡಿದಿರದಿದ್ದರೆ ಆಶ್ಚರ್ಯಪಡಬೇಕಿತ್ತು. ಆದರೆ ಹಳ್ಳಿಮನೆಯ ಅಡುಗೆ ಒಲೆಯ ಹೊಗೆ ಅಟ್ಟಕ್ಕೆ ಏರುತ್ತಿದ್ದುದರಿಂದ ಕಬ್ಬಿಣದ ಕವಚ ತುಕ್ಕು ಹಿಡಿದಿರಲಿಲ್ಲ, ಮಸಿ ಮಾತ್ರ ಹಿಡಿದಿತ್ತು. ಪವರ್ ಸಪ್ಲೈನ ಫ್ಯಾನಿನ ಹಿಂದೆ ಕಡಜ ಮುಷ್ಟಿ ಗಾತ್ರದ ಮಣ್ಣಿನ ಗೂಡು ಕಟ್ಟಿತ್ತು. ಅದನ್ನು ನೋಡದೆ ಸ್ವಿಚ್ ಒತ್ತಿದ್ದರೆ ಫ್ಯಾನು ತಿರುಗದೆ ಪವರ್ ಸಪ್ಲೈ ಸುಟ್ಟುಹೋಗುವ ಸಂಭವವಿತ್ತು. ಹಳೆಯ ಯಂತ್ರ ಕೈಗೆ ಬಂದೊಡನೆ ಕರೆಂಟು ಕೊಟ್ಟು ನೋಡುವ ಆತುರವನ್ನು ಹತ್ತಿಕ್ಕಿಕೊಳ್ಳಬೇಕೆಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಒಳಗಿದ್ದ ಸರಕು ಇಷ್ಟು: 486 ಡಿಎಕ್ಸ್2 ಪ್ರೊಸೆಸರ್, 72 ಕಾಲಿನ ನಾಲ್ಕು ನಾಲ್ಕು ಎಂಬಿಯ ಎರಡು ಮೆಮೊರಿ ಪಟ್ಟಿಗಳು, ವೆಸಾ ಲೋಕಲ್ ಬಸ್ ಎಂಬ ಜೋಡಣೆಯ ಉದ್ದನೆಯ ಕಿಂಡಿಯಲ್ಲಿ ಸಿರಸ್ ಲಾಜಿಕ್ ಚಿಪ್ಪಿನ ವಿಡಿಯೋ ಕಾರ್ಡ್, ಒಂದು ಫ್ಲಾಪಿ ಡ್ರೈವ್, 420 ಎಂಬಿ ಹಾರ್ಡ್ ಡಿಸ್ಕ್. ಮದರ್‌ಬೋರ್ಡಿನ ಮೂಲೆಯಲ್ಲಿ, ಕೀಬೋರ್ಡ್ ಸಿಕ್ಕಿಸುವ ದುಂಡನೆಯ ಜಾಗದ ಪಕ್ಕದಲ್ಲೇ, ನಾನು ಹೆದರಿದ್ದ ವಸ್ತು ಇತ್ತು: ಗಡಿಯಾರ ಮತ್ತು ಸೆಟ್ಟಿಂಗುಗಳನ್ನು ಕಾಯುವ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ. ಮೂರು ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ನೀಲಿ ಪ್ಲಾಸ್ಟಿಕ್ ಸುತ್ತಿದ ಆ ಪೀಪಾಯಿ ಒಡೆದು, ಅದರ ರಸ ಹರಿದು ಸುತ್ತಲಿನ ಎರಡು ಅಂಗುಲ ಜಾಗವೆಲ್ಲ ಹಸಿರು ನೀಲಿ ಹಿಟ್ಟು ಕಟ್ಟಿತ್ತು. ಆ ಕಾಲದ ಮದರ್‌ಬೋರ್ಡುಗಳು ಹಾಳಾಗುವುದು ವಯಸ್ಸಿನಿಂದಲ್ಲ, ಹೆಚ್ಚಾಗಿ ಈ ಒಂದು ಬ್ಯಾಟರಿಯಿಂದ. ನಿಮ್ಮ ಮನೆಯಲ್ಲಿ ಅಂಥ ಯಂತ್ರ ಇದ್ದರೆ, ದುರಸ್ತಿ ಮಾಡುವ ಯೋಚನೆ ಇಲ್ಲದಿದ್ದರೂ, ಇವತ್ತೇ ಆ ಬ್ಯಾಟರಿಯನ್ನು ಕತ್ತರಿಸಿ ತೆಗೆದುಬಿಡಿ.

ಸೋರಿದ್ದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಅದನ್ನು ತಣಿಸಲು ಆಮ್ಲ ಬೇಕು. ಹಿತ್ತಾಳೆ ಪಾತ್ರೆಗಳ ಮೇಲಿನ ಕಿಲುಬನ್ನು ಚಿಕ್ಕಮ್ಮ ಹುಣಸೆಹುಳಿ ಹಚ್ಚಿ ತಿಕ್ಕಿ ತೆಗೆಯುವುದೂ ಆಮ್ಲದ ಬಲದಿಂದಲೇ. ನಾನು ಬಳಸಿದ್ದು ಅಂಗಡಿಯ ಬಿಳಿ ವಿನೆಗರ್. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ವಿನೆಗರ್ ಹಚ್ಚಿದಾಗ ಸಣ್ಣ ನೊರೆ ಎದ್ದು ಹಸಿರು ಹಿಟ್ಟು ಕರಗತೊಡಗಿತು. ಮೂರು ಸಲ ಹಾಗೆ ಮಾಡಿ, ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದೆ. ಬಿಸಿಲು ಕಾಣದ ವಾರ ಅದು. ರಟ್ಟಿನ ಪೆಟ್ಟಿಗೆಯೊಳಗೆ 60 ವ್ಯಾಟಿನ ಹಳೆಯ ಬಲ್ಬು ಉರಿಸಿ, ಬೋರ್ಡನ್ನು ಅದರಿಂದ ಒಂದು ಅಡಿ ದೂರದಲ್ಲಿ ನಿಲ್ಲಿಸಿ, ಎರಡು ದಿನ ಒಣಗಿಸಿದೆ.

ಪವರ್ ಸಪ್ಲೈ ಕೆಲಸ ಬೇಗ ಮುಗಿಯಿತು. ಗೂಡು ತೆಗೆದು, ಫ್ಯಾನಿಗೆ ಎಣ್ಣೆ ಬಿಟ್ಟು, ಮದರ್‌ಬೋರ್ಡಿನ ಬದಲು 12 ವೋಲ್ಟಿನ ಕಾರ್ ಬಲ್ಬನ್ನೂ, ಕೆಟ್ಟ ಹಾರ್ಡ್ ಡಿಸ್ಕೊಂದನ್ನೂ ಹೊರೆಯಾಗಿ ಕಟ್ಟಿ ಅಳೆದಾಗ 5.04 ಮತ್ತು 11.9 ವೋಲ್ಟ್ ಬಂತು. ಈ ಕಾಲದ ಪವರ್ ಸಪ್ಲೈಗಳಿಂದ ಬೋರ್ಡಿಗೆ ಹೋಗುವ ಎರಡು ಕನೆಕ್ಟರುಗಳು ಅದಲುಬದಲಾಗಿಯೂ ಕೂರುತ್ತವೆ, ಹಾಗೆ ಕೂತರೆ ಬೋರ್ಡು ಸುಡುತ್ತದೆ. ಎರಡರ ಕಪ್ಪು ತಂತಿಗಳೂ ನಡುವೆ ಒಂದಕ್ಕೊಂದು ತಾಗಿಕೊಂಡಿರಬೇಕು ಎಂಬುದೊಂದನ್ನು ನೆನಪಿಟ್ಟರೆ ಸಾಕು.

ಎಲ್ಲ ಜೋಡಿಸಿ ಸ್ವಿಚ್ ಹಾಕಿದಾಗ ಪರದೆ ಕಪ್ಪಾಗಿಯೇ ಇತ್ತು, ಸ್ಪೀಕರ್ ಆರು ಸಲ ಕೂಗಿತು. ಆರು ಕೂಗು ಕೇಳಿ ನನಗೆ ಸಮಾಧಾನವೇ ಆಯಿತು, ಏಕೆಂದರೆ ಕೂಗಬೇಕಾದರೆ ಪ್ರೊಸೆಸರೂ, ಯಂತ್ರವನ್ನು ಮೊದಲು ಎಬ್ಬಿಸುವ ಬಯಾಸ್ ಚಿಪ್ಪೂ ಜೀವಂತವಾಗಿರಬೇಕು. ಎಎಂಐ ಬಯಾಸಿನ ಭಾಷೆಯಲ್ಲಿ ಆರು ಕೂಗೆಂದರೆ ಕೀಬೋರ್ಡ್ ಕಂಟ್ರೋಲರ್ ಅಥವಾ ಎ20 ಗೇಟಿನ ದೋಷ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲ ಐಬಿಎಂ ಪಿಸಿಯ ಪ್ರೊಸೆಸರಿಗೆ ಎ0ದಿಂದ ಎ19ರವರೆಗೆ ಇಪ್ಪತ್ತು ವಿಳಾಸ ತಂತಿಗಳಿದ್ದವು. 1 ಎಂಬಿ ದಾಟಿದ ವಿಳಾಸ ಸುತ್ತು ಹೊಡೆದು ಮತ್ತೆ ಸೊನ್ನೆಗೆ ಬರುತ್ತಿತ್ತು, ಕೆಲವು ತಂತ್ರಾಂಶಗಳು ಈ ಗುಣವನ್ನೇ ನೆಚ್ಚಿಕೊಂಡಿದ್ದವು. 1984ರ ಐಬಿಎಂ ಎಟಿಯಲ್ಲಿ ತಂತಿಗಳು ಹೆಚ್ಚಾದಾಗ ಆ ಹಳೆಯ ತಂತ್ರಾಂಶಗಳ ಸಲುವಾಗಿ ಇಪ್ಪತ್ತೊಂದನೆಯ ತಂತಿಗೆ, ಅಂದರೆ ಎ20ಕ್ಕೆ, ಒಂದು ಬಾಗಿಲು ಇಟ್ಟರು. ಬಾಗಿಲು ತೆರೆಯುವ ಕೆಲಸಕ್ಕೆ, ಕೀಬೋರ್ಡ್ ನೋಡಿಕೊಳ್ಳುವ 8042 ಚಿಪ್ಪಿನಲ್ಲಿ ಖಾಲಿ ಇದ್ದ ಒಂದು ಕಾಲನ್ನು ಬಳಸಿದರು. ಹೀಗಾಗಿ ಕೀಬೋರ್ಡಿನ ಚಿಪ್ಪು ಕೆಟ್ಟರೆ ಮೆಮೊರಿಯೇ ಪೂರ್ತಿ ಸಿಗದು. ನನ್ನ ಬೋರ್ಡಿನಲ್ಲಿ ಬ್ಯಾಟರಿಯ ರಸ ಹರಿದಿದ್ದೂ ನೇರವಾಗಿ ಆ ಚಿಪ್ಪಿನ ಬುಡಕ್ಕೆ.

ಚಿಪ್ಪನ್ನು ಮೀಟಿ ತೆಗೆದಾಗ ನಲವತ್ತು ಕಾಲಿನ ಸಾಕೆಟ್ಟಿನ ಹಿಡಿಗಳು ಕಪ್ಪಾಗಿದ್ದವು. ಬೆಂಗಳೂರಿನ ಎಸ್‌ಪಿ ರೋಡಿನಿಂದ ಹೊಸ ಸಾಕೆಟ್ ತರಿಸಿ, ಹಳೆಯದನ್ನು ಕಾಲುಕಾಲಾಗಿ ಕತ್ತರಿಸಿ ತೆಗೆದು, ಹೊಸದನ್ನು ಬೆಸೆದೆ. ಒಂದು ಸಂಜೆ ಪೂರ್ತಿ ಹಿಡಿಯಿತು. ಸ್ವಿಚ್ ಹಾಕಿದರೆ ಮತ್ತೆ ಅದೇ ಆರು ಕೂಗು. ಮರುದಿನ ಮಲ್ಟಿಮೀಟರನ್ನು ಕೂಗುವ ಸ್ಥಾನಕ್ಕೆ ತಿರುಗಿಸಿ, 8042ರ ಒಂದೊಂದು ಕಾಲಿನಿಂದ ಹೊರಟ ಗೆರೆಯನ್ನೂ ಅದು ಸೇರುವ ಕಡೆಯವರೆಗೆ ಹಿಂಬಾಲಿಸಿದೆ. ಎ20 ಗೇಟಿನ ಸಂಕೇತ ಹೊರಡುವುದು ಆ ಚಿಪ್ಪಿನ 22ನೆಯ ಕಾಲಿನಿಂದ. ಅಲ್ಲಿಂದ ಹೊರಟ ಗೆರೆ ಒಂದು ಅಂಗುಲ ಹೋಗುವುದರೊಳಗೆ ಮೀಟರ್ ಮೌನವಾಯಿತು. ಬರಿಗಣ್ಣಿಗೆ ಅಲ್ಲೇನೂ ಕಾಣುತ್ತಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದಾಗ ಹಸಿರು ಲೇಪ ಕೂದಲೆಳೆಯಷ್ಟು ಉಬ್ಬಿ ಕಪ್ಪಾಗಿದ್ದುದು ಕಂಡಿತು. ಬ್ಲೇಡಿನ ತುದಿಯಿಂದ ಮೆಲ್ಲಗೆ ಕೆರೆದರೆ ಕೆಳಗೆ ತಾಮ್ರವೇ ಇರಲಿಲ್ಲ, ನಶ್ಯದಂಥ ಪುಡಿ ಇತ್ತು. ಹಳೆಯ ಟೆಲಿಫೋನ್ ಕೇಬಲ್ಲಿನ ಒಂದೆಳೆ ತಂತಿಯನ್ನು ಸುಲಿದು, ಎರಡು ತುದಿಗಳ ನಡುವೆ ಬೋರ್ಡಿನ ಹಿಂಬದಿಯಲ್ಲಿ ಬೆಸೆದು, ನೈಲ್ ಪಾಲಿಷ್ ಒಂದು ಹನಿ ಹಾಕಿ ಕೂರಿಸಿದೆ. ಈ ಸಲ ಸ್ವಿಚ್ ಹಾಕಿದಾಗ ಒಂದೇ ಒಂದು ಚಿಕ್ಕ ಕೂಗು ಬಂದು, ಪರದೆಯ ಮೇಲೆ ಮೆಮೊರಿ ಎಣಿಕೆ ಏರತೊಡಗಿತು.

ಗಡಿಯಾರಕ್ಕೆ ಹೊಸ ಬ್ಯಾಟರಿಯಾಗಿ ಸಿಆರ್2032 ಬಿಲ್ಲೆಯನ್ನು ಹಾಕಿದೆ. ಬೋರ್ಡು ಹಳೆಯ ಬ್ಯಾಟರಿಯನ್ನು ತಾನೇ ಚಾರ್ಜ್ ಮಾಡುತ್ತಿತ್ತು. ಬಿಲ್ಲೆಯನ್ನು ಚಾರ್ಜ್ ಮಾಡಕೂಡದು, ಆದ್ದರಿಂದ ನಡುವೆ ಒಂದು ಡಯೋಡ್ ಇಟ್ಟು, ಬಿಲ್ಲೆಯನ್ನು ಬೋರ್ಡಿನಿಂದ ದೂರ ಕವಚದ ಗೋಡೆಗೆ ಅಂಟಿಸಿದ್ದೇನೆ.

ಇನ್ನು ಹಾರ್ಡ್ ಡಿಸ್ಕ್. ಅದರ ಚೀಟಿಯ ಮೇಲೆ ಡಿಸ್ಕಿನ ಅಳತೆ 826 ಸಿಲಿಂಡರ್, 16 ಹೆಡ್, 63 ಸೆಕ್ಟರ್ ಎಂದು ಅಚ್ಚಾಗಿತ್ತು. ಇಷ್ಟು ಹಳೆಯ ಡಿಸ್ಕುಗಳು ಇಂದಿನ ಯುಎಸ್‌ಬಿ ಅಡಾಪ್ಟರುಗಳ ಜೊತೆ ಮಾತಾಡದೆ ಇರುವುದುಂಟು, ನನ್ನದೂ ಮಾತಾಡಲಿಲ್ಲ. ಹಿರಿಯರ ಮನೆಯಲ್ಲಿದ್ದ, ಇಂಥ ಡಿಸ್ಕುಗಳನ್ನು ನೇರವಾಗಿ ಜೋಡಿಸುವ ಐಡಿಇ ಪೋರ್ಟಿರುವ ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇಡೀ ಡಿಸ್ಕಿನ ಪ್ರತಿ ತೆಗೆದೆವು. ಹನ್ನೊಂದು ಸೆಕ್ಟರುಗಳು ಕೊನೆಗೂ ಓದಲು ಸಿಗಲಿಲ್ಲ. ಅದೃಷ್ಟಕ್ಕೆ ಅವೆಲ್ಲ ಖಾಲಿ ಜಾಗದಲ್ಲಿದ್ದವು. ಲಿನಕ್ಸಿನಲ್ಲಿ ಓಎಸ್/2ರ ಎಚ್‌ಪಿಎಫ್‌ಎಸ್ ಕಡತ ವ್ಯವಸ್ಥೆಯನ್ನು ಓದುವ ಡ್ರೈವರ್ ಇರುವುದರಿಂದ ಪ್ರತಿಯನ್ನು ಅಲ್ಲೇ ತೆರೆದು ನೋಡಿದೆವು. ಡಾಸಿನಲ್ಲಿ ಹೆಸರಿಗೆ ಎಂಟು ಅಕ್ಷರ, ಬಾಲಕ್ಕೆ ಮೂರು ಅಕ್ಷರ ಎಂಬ ಕಟ್ಟು ಇದ್ದ ಆ ದಿನಗಳಲ್ಲಿ, 254 ಅಕ್ಷರಗಳವರೆಗೆ ಹೆಸರಿಡಲು ಬಿಡುತ್ತಿದ್ದ ಈ ವ್ಯವಸ್ಥೆಯಲ್ಲಿ ಚಿಕ್ಕಪ್ಪ ರೋಮನ್ ಲಿಪಿಯಲ್ಲಿ "ಅಡಿಕೆ ಲೆಕ್ಕ 1997 ಮಂಡಿಗೆ ಕೊಟ್ಟದ್ದು" ಎಂದು ನೆಮ್ಮದಿಯಾಗಿ ಬರೆದಿಟ್ಟಿದ್ದರು.

ಲೆಕ್ಕ ಉಳಿಯಿತೆಂದು ಖಾತ್ರಿಯಾದ ಮೇಲೆ ಹಳೆಯ ಡಿಸ್ಕನ್ನು ಎತ್ತಿಟ್ಟು, ಅದರ ಜಾಗಕ್ಕೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಐಡಿಇ ಅಡಾಪ್ಟರಿನ ಮೂಲಕ ಹಾಕಲು ಹೊರಟೆ. ಇಲ್ಲಿ ಮೂರು ದಿನ ಕಳೆದವು. ಮೊದಲು ಕೈಯಲ್ಲಿದ್ದ 4 ಜಿಬಿ ಕಾರ್ಡನ್ನೇ ಹಾಕಿದೆ. ಈ ಬಯಾಸಿಗೆ 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್ ದಾಟಿ ಲೆಕ್ಕ ಬಾರದು. ಒಂದು ಸೆಕ್ಟರಿಗೆ 512 ಬೈಟಿನಂತೆ ಗುಣಿಸಿದರೆ 528 ಎಂಬಿ ಆಯಿತು. ಬಯಾಸ್ ಕಂಡ ಅಳತೆ ಒಂದು, ವಾರ್ಪ್‌ನ ಡ್ರೈವರ್ ಕಾರ್ಡನ್ನೇ ಕೇಳಿ ತಿಳಿದುಕೊಂಡ ಅಳತೆ ಇನ್ನೊಂದು. ಹೀಗಾಗಿ ಡಿಸ್ಕನ್ನು ಭಾಗ ಮಾಡುವ ಎಫ್‌ಡಿಸ್ಕ್, ಪಾರ್ಟಿಷನ್ ಪಟ್ಟಿ ಕೆಟ್ಟಿದೆ ಎಂದು ಪಟ್ಟುಹಿಡಿಯಿತು. ಇದರ ಮೇಲೆ ಆ ಕಾರ್ಡು ತನ್ನನ್ನು ತೆಗೆದು ಹಾಕಬಹುದಾದ ಡಿಸ್ಕ್ ಎಂದೂ ಪರಿಚಯಿಸಿಕೊಳ್ಳುತ್ತಿತ್ತು. ಕೊನೆಗೆ ಕಾರ್ಖಾನೆಯ ಯಂತ್ರಗಳಿಗೆಂದು ಮಾಡಿದ, ತನ್ನನ್ನು ಸ್ಥಿರ ಡಿಸ್ಕ್ ಎಂದೇ ಹೇಳಿಕೊಳ್ಳುವ 512 ಎಂಬಿ ಕಾರ್ಡ್ ತರಿಸಿದೆ. ಅದರ ಅಳತೆ 993, 16, 63. ಬಯಾಸಿನ ಮಿತಿಯೊಳಗೇ ಕೂರುವ ಈ ಅಂಕಿಗಳನ್ನು ಕೈಯಾರೆ ತುಂಬಿದಾಗ ಇಬ್ಬರ ಲೆಕ್ಕವೂ ತಾಳೆಯಾಯಿತು. ಹಳೆಯ ಯಂತ್ರಕ್ಕೆ ದೊಡ್ಡ ಕಾರ್ಡಿಗಿಂತ ಸರಿಯಾದ ಕಾರ್ಡ್ ಮುಖ್ಯ.

ಪೆಟ್ಟಿಗೆಯಲ್ಲಿದ್ದ ಫ್ಲಾಪಿಗಳ ಕಿಟಕಿ ಸರಿಸಿ ನೋಡಿದರೆ ಕಂದು ಹಾಳೆಯ ಮೇಲೆ ಬಿಳಿ ಬೂಷ್ಟಿನ ಚುಕ್ಕೆಗಳು. ವಾರ್ಪ್‌ನ ಹೆಚ್ಚಿನ ಫ್ಲಾಪಿಗಳು ಎಕ್ಸ್‌ಡಿಎಫ್ ಎಂಬ ಕ್ರಮದಲ್ಲಿ ಇರುತ್ತವೆ. ಸಾಮಾನ್ಯ ಫ್ಲಾಪಿಯಲ್ಲಿ 1.44 ಎಂಬಿ ಹಿಡಿಸಿದರೆ ಇದರಲ್ಲಿ 1.84 ಎಂಬಿ ಹಿಡಿಸುತ್ತಾರೆ, ಆದ್ದರಿಂದ ಬೂಷ್ಟು ಹಿಡಿದ ಫ್ಲಾಪಿಯಿಂದ ಓದುವುದು ಇನ್ನೂ ಕಷ್ಟ. ಅವುಗಳನ್ನು ಡ್ರೈವಿಗೆ ಹಾಕಿ ಹೆಡ್ ಕೆಡಿಸುವ ಬದಲು, ಅದೇ ಪೆಟ್ಟಿಗೆಯಲ್ಲಿದ್ದ ಸಿಡಿಯಿಂದಲೇ ಆರಂಭದ ಎರಡು ಫ್ಲಾಪಿಗಳನ್ನು ಹೊಸದಾಗಿ ಬರೆದುಕೊಂಡು, ಒಂದು ಹಳೆಯ ಸಿಡಿ ಡ್ರೈವ್ ಜೋಡಿಸಿ ಸ್ಥಾಪನೆ ಮಾಡಿದೆ. ಮುಕ್ಕಾಲು ಗಂಟೆಯ ಮೇಲೆ ಬೂದು ಹಿನ್ನೆಲೆಯ ವರ್ಕ್‌ಪ್ಲೇಸ್ ಶೆಲ್, ಅಂದರೆ ವಾರ್ಪ್‌ನ ಡೆಸ್ಕ್‌ಟಾಪ್, ಪರದೆಗೆ ಬಂತು. 8 ಎಂಬಿ ಮೆಮೊರಿಯಲ್ಲಿ ಎರಡು ಕಿಟಕಿ ತೆರೆದರೆ ಸಾಕು, ಮೆಮೊರಿ ಸಾಲದ್ದನ್ನು ಡಿಸ್ಕಿನಲ್ಲಿ ಇಡುವ ಸ್ವಾಪರ್ ಕಡತ ಉಬ್ಬುತ್ತಿತ್ತು. ಕಾರ್ಡು ಸವೆಯಬಾರದೆಂದು ಮೆಮೊರಿಯನ್ನು 16 ಎಂಬಿಗೆ ಏರಿಸಿದೆ. ಅಷ್ಟರಿಂದಲೇ ಯಂತ್ರದ ನಡೆ ಬದಲಾಯಿತು.

ಜುಲೈನ ಒಂದು ರಾತ್ರಿ ಗಾಳಿ ಮಳೆಗೆ ಕರೆಂಟು ಹೋಯಿತು. ಯಂತ್ರವನ್ನು ಯುಪಿಎಸ್‌ಗೆ ಕೊಟ್ಟಿರಲಿಲ್ಲ. ಬೆಳಗ್ಗೆ ಆರಂಭಿಸಿದಾಗ ಡಿಸ್ಕನ್ನು ಪರೀಕ್ಷಿಸುವ ಚೆಕ್‌ಡಿಸ್ಕ್ ತಾನಾಗಿ ಓಡಿ ಒಂದೂವರೆ ನಿಮಿಷ ಹುಡುಕಾಡಿತು. ಕರೆಂಟು ಹೋಗುವ ಮೊದಲು ನಾನು ಉಳಿಸಿದ್ದೆನೆಂದು ತಿಳಿದಿದ್ದ ಕಡತದಲ್ಲಿ ಒಂದಕ್ಷರವೂ ಇರಲಿಲ್ಲ. ಕಾರ್ಡನ್ನು ತೆಗೆದು ಲ್ಯಾಪ್‌ಟಾಪಿನಲ್ಲಿ ಇಟ್ಟು ನೋಡಿ ನಾನು ಕಲಿತದ್ದು ಹೀಗಿದೆ. ಎಚ್‌ಪಿಎಫ್‌ಎಸ್ ತನ್ನ ಪಾರ್ಟಿಷನ್ನಿನ 17ನೆಯ ಸೆಕ್ಟರಿನಲ್ಲಿ ಸ್ಪೇರ್ ಬ್ಲಾಕ್ ಎಂಬ ಗುರುತನ್ನು ಇಡುತ್ತದೆ. ವ್ಯವಸ್ಥೆ ಓಡುತ್ತಿರುವಷ್ಟು ಹೊತ್ತು ಅದರೊಳಗಿನ ಒಂದು ಬಿಟ್ 1 ಆಗಿರುತ್ತದೆ. ಕ್ರಮವಾಗಿ ಷಟ್‌ಡೌನ್ ಮಾಡಿದರೆ 0 ಆಗುತ್ತದೆ. ಕರೆಂಟು ಹೋದಾಗ ಅದು 1 ಆಗಿಯೇ ಉಳಿದು, ಮುಂದಿನ ಸಲ ಚೆಕ್‌ಡಿಸ್ಕ್ ಏಳುತ್ತದೆ. ಜರ್ನಲ್, ಅಂದರೆ ಬದಲಾವಣೆಗಳ ದಾಖಲೆ, ಇಲ್ಲದ ವ್ಯವಸ್ಥೆಯಾದ್ದರಿಂದ ಡಿಸ್ಕನ್ನೆಲ್ಲ ಜಾಲಾಡದೆ ಅದಕ್ಕೆ ಬೇರೆ ದಾರಿಯಿಲ್ಲ. ನನ್ನ ಕಡತ ಖಾಲಿಯಾದದ್ದಕ್ಕೆ ಕಾರಣ ಇನ್ನೊಂದು. ವೇಗಕ್ಕಾಗಿ ವಾರ್ಪ್ ಬರೆಯಬೇಕಾದ್ದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲೇ ತಡೆದಿಟ್ಟು, ಬಿಡುವಾದಾಗ ಡಿಸ್ಕಿಗೆ ಇಳಿಸುತ್ತದೆ. ಕರೆಂಟು ಹೋಗದ ಊರಿಗೆ ಅದು ಒಳ್ಳೆಯ ಏರ್ಪಾಡು. ಮಲೆನಾಡಿಗೆ ಅಲ್ಲ. ಕಾನ್ಫಿಗ್.ಸಿಸ್ ಕಡತದಲ್ಲಿ ಕ್ಯಾಶ್.ಇಎಕ್ಸ್‌ಇ ಇರುವ ಸಾಲಿಗೆ /ಲೇಜಿ:ಆಫ್ ಎಂದು ಸೇರಿಸಿದೆ. ಆಮೇಲೆ ಬೇಕೆಂದೇ ಐದು ಸಲ, ಕಡತ ಉಳಿಸಿದ ಮರುಕ್ಷಣ ಪ್ಲಗ್ ಕಿತ್ತು ನೋಡಿದೆ. ಐದು ಸಲವೂ ಚೆಕ್‌ಡಿಸ್ಕ್ ಓಡಿತು, ಐದು ಸಲವೂ ಕಡತ ಪೂರ್ತಿ ಉಳಿದಿತ್ತು. ವೇಗ ತುಸು ತಗ್ಗಿದರೂ ಕಾರ್ಡಿನಲ್ಲಿ ಅದು ಕೈಗೆ ತಿಳಿಯುವಷ್ಟಿಲ್ಲ.

ಆಗಸ್ಟಿನ ಕೂಟಕ್ಕೆ ಯಂತ್ರವನ್ನೇ ಒಯ್ದೆ. ಗೆಳೆಯರ ಮುಂದೆ ಒಂದು ಕಿಟಕಿಯಲ್ಲಿ ಫ್ಲಾಪಿ ಫಾರ್ಮ್ಯಾಟ್ ಆಗುತ್ತಿರುವಾಗಲೇ ಇನ್ನೊಂದರಲ್ಲಿ ಡಾಸ್ ತಂತ್ರಾಂಶವನ್ನೂ, ಮೂರನೆಯದರಲ್ಲಿ ಚೆಸ್ ಆಟವನ್ನೂ ನಡೆಸಿ ತೋರಿಸಿದೆ. 1994ರಲ್ಲಿ ಫ್ಲಾಪಿ ಫಾರ್ಮ್ಯಾಟಿಗೆ ಕೊಟ್ಟರೆ ಕೈಕಟ್ಟಿ ಕೂರಬೇಕಾಗಿದ್ದವರಿಗೆ ಇದರ ಬೆಲೆ ಗೊತ್ತು. ಹಿರಿಯರು ಫ್ಲಾಪಿಯ ಕಿಟಕಿಯನ್ನೂ ಚೆಸ್ ಹಲಗೆಯನ್ನೂ ಬಹಳ ಹೊತ್ತು ನೋಡಿ, "66 ಮೆಗಾಹರ್ಟ್ಸಿನಲ್ಲಿ ಇದು ಸಣ್ಣ ಮಾತಲ್ಲ" ಎಂದರು. ಅದರ ಬೆನ್ನಿಗೇ ವಾರ್ಪ್‌ನ ನಿಜವಾದ ದೌರ್ಬಲ್ಯವೂ ಹೊರಬಿತ್ತು. ಒಂದು ತಂತ್ರಾಂಶ ಸಿಕ್ಕಿಹಾಕಿಕೊಂಡಿತು, ಒಡನೆ ಇಡೀ ಪರದೆ ನಿಂತುಹೋಯಿತು. ಕೀಬೋರ್ಡು ಮತ್ತು ಮೌಸಿನ ಎಲ್ಲ ಸಂದೇಶಗಳೂ ಎಲ್ಲ ಕಿಟಕಿಗಳಿಗೆ ಒಂದೇ ಸಾಲಿನಲ್ಲಿ ಹೋಗಬೇಕು, ಸಾಲಿನ ತಲೆಯಲ್ಲಿರುವವನು ತನ್ನ ಸಂದೇಶವನ್ನು ತೆಗೆದುಕೊಳ್ಳದೆ ನಿಂತರೆ ಹಿಂದಿನವರೆಲ್ಲ ಕಾಯಬೇಕು. ಫ್ಲಾಪಿಯ ದೀಪ ಮಾತ್ರ ಉರಿಯುತ್ತಲೇ ಇತ್ತು, ಫಾರ್ಮ್ಯಾಟ್ ನಿಂತಿರಲಿಲ್ಲ. "ನೋಡು, ಕೆಲಸ ಮಾಡೋ ಅರ್ಧ ಮಾಡ್ತಾನೇ ಇದೆ" ಎಂದು ಪ್ಲಾನ್ 9ರ ಗೆಳೆಯ ಫ್ಲಾಪಿಯ ದೀಪಕ್ಕೆ ಕೈ ತೋರಿಸಿದ. ಒಳಗಿನ ಕರ್ನಲ್ ಅಷ್ಟು ಗಟ್ಟಿ, ಮೇಲಿನ ಪರದೆಯ ಏರ್ಪಾಡು ಮಾತ್ರ ಅಷ್ಟು ನಾಜೂಕು. ವಾರ್ಪ್‌ನ ಗುಣ ದೋಷಗಳನ್ನು ಇದಕ್ಕಿಂತ ಸ್ಪಷ್ಟವಾಗಿ ನಾನು ವಿವರಿಸಲಾರೆ. ಐಬಿಎಂ 2006ರ ಕೊನೆಯಲ್ಲಿ ಬೆಂಬಲ ನಿಲ್ಲಿಸಿದ ಮೇಲೂ ಇದರ ವಂಶ ಅಳಿದಿಲ್ಲ. ಇದೇ ಬುನಾದಿಯ ಮೇಲೆ ಕಟ್ಟಿದ ಆರ್ಕಾಓಎಸ್ 2017ರಲ್ಲಿ ಬಂತು.

ಅಕ್ಟೋಬರಿನಲ್ಲಿ, ಕೊನೆಕೊಯ್ಲು ಶುರುವಾಗುವ ಮುಂಚೆ, ಚಿಕ್ಕಪ್ಪ ಶಿವಮೊಗ್ಗಕ್ಕೆ ಬಂದರು. ಡಿಸ್ಕಿನ ಪ್ರತಿಯಿಂದ ಅವರ ಕಡತಗಳನ್ನು ಕಾರ್ಡಿಗೆ ಮರಳಿಸಿ, ಅವುಗಳನ್ನು ತೆರೆಯಲು ವಾರ್ಪ್‌ನ ಜೊತೆಗೇ ಬರುತ್ತಿದ್ದ ಐಬಿಎಂ ವರ್ಕ್ಸ್ ತಂತ್ರಾಂಶವನ್ನೂ ಹಾಕಿಟ್ಟಿದ್ದೆ. ಕನ್ನಡಕ ಏರಿಸಿಕೊಂಡು ಕುರ್ಚಿ ಎಳೆದುಕೊಂಡ ಅವರು ಮೌಸ್ ಹಿಡಿದ ರೀತಿಯೇ ಬೇರೆಯಾಗಿತ್ತು. ವಾರ್ಪ್‌ನಲ್ಲಿ ವಸ್ತುಗಳನ್ನು ಎಳೆಯಬೇಕಾದದ್ದು ಬಲಗುಂಡಿಯಿಂದ. ನಾಲ್ಕು ತಿಂಗಳಾದರೂ ನನ್ನ ಬೆರಳು ಎಡಗುಂಡಿಗೇ ಹೋಗುತ್ತಿದ್ದಾಗ, ಅವರು ಇಪ್ಪತ್ತು ವರ್ಷದ ಮೇಲೂ ಯೋಚಿಸದೆ ಬಲಗುಂಡಿ ಒತ್ತಿ, ನಾನು ಪರೀಕ್ಷೆಗೆಂದು ಮಾಡಿದ್ದ ಎರಡು ಬೇಡದ ಕಡತಗಳನ್ನು ಎಳೆದು, ಕಡತ ಅಳಿಸುವ ಶ್ರೆಡರಿಗೆ ಹಾಕಿದರು. ಆಮೇಲೆ 1997ರ ಲೆಕ್ಕ ತೆರೆದರು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ದರ್ಜೆಗಳಿಗೆ ನಾಲ್ಕು ಕಂಬಗಳು, ಎಡಕ್ಕೆ ತಾರೀಖು, ಬಲಕ್ಕೆ ಮೊತ್ತ. "ಆ ವರ್ಷ ಗೊರಬಲು ಜಾಸ್ತಿ ಆಗಿತ್ತು, ಕೊಳೆ ರೋಗ ಬಂದಿತ್ತು" ಎಂದು ಬೆರಳಿಟ್ಟು ತೋರಿಸಿದರು.

ಅಷ್ಟರಲ್ಲಿ ದೂರದಲ್ಲಿ ಗುಡುಗಿತು. ನಾನು ಏಳುವ ಮೊದಲೇ ಅವರು ಡೆಸ್ಕ್‌ಟಾಪಿನ ಖಾಲಿ ಜಾಗದ ಮೇಲೆ ಬಲಗುಂಡಿ ಒತ್ತಿ, ಷಟ್‌ಡೌನ್ ಆರಿಸಿ, ಇನ್ನು ಯಂತ್ರವನ್ನು ಆರಿಸಬಹುದು ಎಂಬ ಸಂದೇಶ ಪರದೆಗೆ ಬರುವವರೆಗೂ ಕಾದರು. ಬಂದ ಮೇಲೆ ಯಂತ್ರದ ಗುಂಡಿಯನ್ನು ಆರಿಸಿ, ಎದ್ದು ಹೋಗಿ ಗೋಡೆಯ ಪ್ಲಗ್ಗನ್ನೂ ಕಿತ್ತಿಟ್ಟರು.